ಮೊದಲ ಸಾಲು ಸಾಲ ತನ್ನಿ, ಎರಡನೇ ಸಾಲು ನಿಮ್ಮದಾಗಲಿ!

(ನಗರದ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆದ ಕಥಾ ಕಮ್ಮಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಿಮ್ಮಲ್ಲಿ ಎಷ್ಟು ಜನ ಕಥೆ ಬರೆದಿದ್ದೀರಿ ಎಂದು ಕೇಳಿದರೆ ನಾಲ್ಕು ಕೈ ಮೇಲೇಳುತ್ತವೆ. ಎಷ್ಟು ಜನರ ಹತ್ತಿರ ಹೇಳುವಂಥ ಕಥೆ ಇದೆ ಎಂದು ಕೇಳಿದರೆ ಒಂದು ಕೈಯೂ ಕೆಳಗಿರುವುದಿಲ್ಲ. ಈ ಎರಡು ಲೆಕ್ಕದ ನಡುವೆ ಇರುವ ಅಂತರವೇ ನನ್ನ ಇವತ್ತಿನ ವಿಷಯ.

ಕ್ಯಾಂಟೀನಿನಲ್ಲಿ ಒಂದು ಕಾಫಿ ಇಟ್ಟುಕೊಂಡು ಒಂದು ಗಂಟೆ ಮಾತಾಡುವ ಹುಡುಗ ಬಿಳಿ ಹಾಳೆಯ ಮುಂದೆ ಕೂತ ಕೂಡಲೇ ಮೂಕನಾಗುತ್ತಾನೆ. ಪಿಜಿಯ ರೂಮಿನಲ್ಲಿ ರಾತ್ರಿ ಎರಡರವರೆಗೆ ಗೆಳತಿಯರನ್ನು ನಗಿಸುವ ಹುಡುಗಿ ಪೆನ್ನು ಹಿಡಿದ ಕೂಡಲೇ ಪಠ್ಯಪುಸ್ತಕದ ಪ್ರಬಂಧ ಬರೆಯತೊಡಗುತ್ತಾಳೆ. ಯಾಕೆ ಹೀಗೆ? ಎರಡು ಭಯ, ಅಷ್ಟೇ. ಒಂದು, ‘ನನ್ನ ಕನ್ನಡ ಶುದ್ಧ ಇಲ್ಲ’ ಎಂಬ ಭಯ. ಇನ್ನೊಂದು, ‘ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನಿದೆ?’ ಎಂಬ ಭಯ. ಈ ಎರಡೂ ಸೇರಿ ಮೊದಲ ಸಾಲಿನಲ್ಲೇ ನಿಮ್ಮ ಕೈ ಕಟ್ಟಿಹಾಕುತ್ತವೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸರಳ ಮದ್ದು ಒಂದಿದೆ. ಮೊದಲ ಸಾಲನ್ನು ನೀವು ಬರೆಯಲೇಬೇಡಿ! ಯಾರಾದರೂ ಕೊಡಲಿ. ಚೀಟಿಯಲ್ಲಿ ಬರಲಿ, ಬಸ್ಸಿನಲ್ಲಿ ಕಿವಿಗೆ ಬೀಳಲಿ. ಮೊದಲ ಸಾಲು ಸಾಲ. ಎರಡನೇ ಸಾಲು ಮಾತ್ರ ಸ್ವಂತದ್ದು. ಬರವಣಿಗೆ ನಿಜವಾಗಿ ಶುರುವಾಗುವುದು ಆ ಎರಡನೇ ಸಾಲಿನಲ್ಲಿ.

ಇದೇನು ಹೊಸ ವಿದ್ಯೆಯೇ?

ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ರಾಂಪ್ಟ್’ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಹೊರಗಿನಿಂದ ಬಂದದ್ದು ಅಂದುಕೊಳ್ಳಬೇಡಿ. ಕರಾವಳಿಯ ತಾಳಮದ್ದಳೆಯನ್ನು ಒಮ್ಮೆ ನೋಡಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದವೊಂದನ್ನು ಹಾಡುತ್ತಾರೆ. ಅದು ಕೊಟ್ಟ ಸಾಲು, ಎಲ್ಲರಿಗೂ ಗೊತ್ತಿರುವ ಸಾಲು. ಅದು ಮುಗಿದ ಮೇಲೆ ಅರ್ಥಧಾರಿ ಬಾಯಿ ತೆರೆಯುತ್ತಾನೆ. ಅಲ್ಲಿಂದ ಮುಂದಕ್ಕೆ ಬರುವ ಪ್ರತಿಯೊಂದು ಮಾತೂ ಅವನದೇ. ಯಾರೂ ಬರೆದುಕೊಟ್ಟದ್ದಲ್ಲ. ವಾಲಿವಧೆಯ ಅದೇ ಪದಕ್ಕೆ ಒಬ್ಬನ ವಾಲಿ ವಕೀಲನ ಹಾಗೆ ರಾಮನಿಗೆ ಪಾಟೀಸವಾಲು ಹಾಕುತ್ತಾನೆ. ಇನ್ನೊಬ್ಬನ ವಾಲಿ ಮನಸ್ಸು ಮುರಿದ ಅಣ್ಣನ ಹಾಗೆ ನರಳುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆ ಕೇಳಲು ಜನ ಇಡೀ ರಾತ್ರಿ ಕೂರುತ್ತಿದ್ದದ್ದು ಕಥೆ ಗೊತ್ತಿಲ್ಲದೆ ಅಲ್ಲ, ಪದ ಗೊತ್ತಿಲ್ಲದೆಯೂ ಅಲ್ಲ. ಆ ಪದದಿಂದ ಇವತ್ತು ಏನು ಹುಟ್ಟುತ್ತದೆ ಎಂದು ತಿಳಿಯುವ ಆಸೆಯಿಂದ.

ನಮ್ಮ ಹಳ್ಳಿಗಳ ಸೋಬಾನೆ ಪದದಲ್ಲಿ ಒಬ್ಬಾಕೆ ಸೊಲ್ಲು ಎತ್ತಿಕೊಡುತ್ತಾಳೆ, ಉಳಿದವರು ಹಿಡಿದುಕೊಳ್ಳುತ್ತಾರೆ. ದಾಸರ ಕೀರ್ತನೆಗಳಲ್ಲಿ ಪಲ್ಲವಿ ಮೊದಲು ನಿಲ್ಲುತ್ತದೆ, ಚರಣಗಳು ಮತ್ತೆ ಮತ್ತೆ ಅದರ ಹತ್ತಿರ ಬಂದು ಹೋಗುತ್ತವೆ. ಅವಧಾನದಲ್ಲಿ ಸಮಸ್ಯಾಪೂರಣ ಎಂಬ ಭಾಗವೇ ಇದೆ. ಪೃಚ್ಛಕರು ತಲೆಬುಡವಿಲ್ಲದ ಒಂದು ಸಾಲು ಎಸೆಯುತ್ತಾರೆ, ಅವಧಾನಿ ಉಳಿದ ಸಾಲುಗಳನ್ನು ಕಟ್ಟಿ ಅದಕ್ಕೆ ಅರ್ಥ ಬರುವಂತೆ ಮಾಡಬೇಕು. ಅಲ್ಲಿ ಸಾಮಾನ್ಯವಾಗಿ ಕೊಡುವುದು ಕೊನೆಯ ಸಾಲು, ನಾವಿಲ್ಲಿ ಕೊಡುವುದು ಮೊದಲ ಸಾಲು. ವ್ಯತ್ಯಾಸ ಇಷ್ಟೇ. ಕೊಟ್ಟ ಸಾಲು ಬೇಡಿಯಲ್ಲ ಸ್ವಾಮಿ, ಅದು ನೆಗೆಯಲು ಹಾಕಿದ ಹಲಗೆ!

ಖಾಲಿ ಹಾಳೆಯಲ್ಲಿ ಹುಟ್ಟಿದ್ದು

ಹೊರಗಿನ ಎರಡು ಉದಾಹರಣೆಗಳನ್ನೂ ಹೇಳುತ್ತೇನೆ, ಏಕೆಂದರೆ ಅವು ನಮಗೂ ಪಾಠ.

ಆಕ್ಸ್‌ಫರ್ಡಿನ ಪ್ರೊಫೆಸರ್ ಟೋಲ್ಕಿನ್ 1930ರ ಆಸುಪಾಸಿನಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಬೇಸರದ ಕೆಲಸ. ಯಾರೋ ಹುಡುಗ ಒಂದು ಪುಟ ಖಾಲಿ ಬಿಟ್ಟಿದ್ದ. ಆ ಖಾಲಿ ಪುಟದ ಮೇಲೆ, ಬಿಲದಲ್ಲಿ ವಾಸಿಸುವ ‘ಹಾಬಿಟ್’ ಎಂಬ ಜೀವಿಯ ಬಗ್ಗೆ ಒಂದೇ ಒಂದು ವಾಕ್ಯ ಗೀಚಿದರು. ಹಾಬಿಟ್ ಎಂದರೆ ಏನು? ಅವರಿಗೇ ಗೊತ್ತಿರಲಿಲ್ಲ! ಅದನ್ನು ಪತ್ತೆಹಚ್ಚಲು ಹೋಗಿ ಬರೆದ ಪುಸ್ತಕ 1937ರಲ್ಲಿ ಹೊರಬಂತು. ಸಾಲು ಮೊದಲು ಬಂತು, ಕಥೆ ಆಮೇಲೆ ಬಂತು. ‘ಮೊದಲು ಪೂರ್ತಿ ಕಥೆ ಹೊಳೆಯಲಿ, ಆಮೇಲೆ ಬರೆಯುತ್ತೇನೆ’ ಎಂದು ಕಾಯುತ್ತಿರುವವರು ಇದನ್ನು ನೆನಪಿಡಿ.

ಇನ್ನೊಂದು, ಕೊಲಂಬಿಯಾದ ಗಾರ್ಸಿಯಾ ಮಾರ್ಕ್ವೆಜ್ ಅವರದು. 1947ರಲ್ಲಿ ಬೊಗೋಟಾದಲ್ಲಿ ಕಾನೂನು ಓದುತ್ತಿದ್ದ ಹುಡುಗ. ಒಂದು ರಾತ್ರಿ ಕಾಫ್ಕಾನ ‘ಮೆಟಮಾರ್ಫಸಿಸ್’ ಕೈಗೆ ಸಿಕ್ಕಿತು. ಒಬ್ಬ ಮನುಷ್ಯ ಬೆಳಗ್ಗೆ ಎದ್ದಾಗ ಹುಳುವಾಗಿದ್ದಾನೆ ಎಂದು ಮೊದಲ ವಾಕ್ಯದಲ್ಲೇ ಹೇಳುವ ಕಥೆ. ಹೀಗೂ ಬರೆಯಬಹುದೆಂದು ತನಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದರೆ ಎಂದೋ ಶುರು ಮಾಡುತ್ತಿದ್ದೆ ಎಂದು ಮಾರ್ಕ್ವೆಜ್ ಮುಂದೆ ಹೇಳಿಕೊಂಡರು. ಅದೇ ವರ್ಷ ಅವರ ಮೊದಲ ಕಥೆ ಪತ್ರಿಕೆಯಲ್ಲಿ ಅಚ್ಚಾಯಿತು. 1982ರಲ್ಲಿ ನೊಬೆಲ್ ಬಂತು. ಗಮನಿಸಿ, ಅವರು ಕಾಫ್ಕಾನ ಹುಳುವನ್ನು ಕದಿಯಲಿಲ್ಲ. ಆ ಸಾಲು ಕೊಟ್ಟ ಧೈರ್ಯವನ್ನು ಮಾತ್ರ ತೆಗೆದುಕೊಂಡು, ತಮ್ಮ ಅಜ್ಜಿ ಕಥೆ ಹೇಳುತ್ತಿದ್ದ ಧಾಟಿಗೆ, ತಮ್ಮ ಊರಿಗೆ ವಾಪಸ್ ಹೋದರು. ಸಾಲ ತರುವುದು ಎಂದರೆ ಹೀಗೆ!

ಒಂದು ಸಾಲು, ಮೂರು ಕಥೆ

ಮಾತು ಸಾಕು, ಮಾಡಿ ನೋಡೋಣ. ಇದೋ ಒಂದು ಸಾಲು:

“ಕೊನೇ ಬಸ್ಸಿನ ಕಂಡಕ್ಟರ್ ಎಲ್ಲರಿಗೂ ಟಿಕೆಟ್ ಕೊಟ್ಟ, ನನಗೆ ಮಾತ್ರ ಕೊಡಲಿಲ್ಲ.”

ಈಗ ಎರಡನೇ ಸಾಲು ಯಾರು ಹೇಳುತ್ತೀರಿ?

ಒಬ್ಬ ಹೀಗೆ ಬರೆಯಬಹುದು: “ನಾನು ಮನೆ ಬಿಟ್ಟು ಹೊರಟಿದ್ದು ಅಪ್ಪನಿಗೆ ನನ್ನ ಬ್ಯಾಗ್ ನೋಡಿದ ಕೂಡಲೇ ಗೊತ್ತಾಗಿತ್ತು.” ನೋಡಿ, ಕಂಡಕ್ಟರ್ ಈಗ ಅಪ್ಪನಾದ! ತುಂಬಿದ ಬಸ್ಸಿನಲ್ಲಿ ಮಗನಿಗೆ ಬೈಯುವಂತಿಲ್ಲ, ಅಳುವಂತಿಲ್ಲ, ಸೀಟಿ ಊದಿ ಬಸ್ ನಿಲ್ಲಿಸುವಂತಿಲ್ಲ. ಟಿಕೆಟ್ ಕೊಡದೆ ಇರುವುದೊಂದೇ ಅವನ ಕೈಯಲ್ಲಿರುವುದು. ಕೊನೆಯ ಸ್ಟಾಪು ಬರುವಷ್ಟರಲ್ಲಿ ಇವರಿಬ್ಬರ ನಡುವೆ ಏನಾಗಬೇಕು? ಅದೇ ಕಥೆ.

ಇನ್ನೊಬ್ಬಳು ಹೀಗೆ ಬರೆಯಬಹುದು: “ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, ‘ಇದು ಕೇರಳದ್ದಮ್ಮ’ ಅಂದ.” ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಶುರುವಾದದ್ದು 2023ರ ಜೂನ್ 11ರಂದು. ಆ ಟಿಕೆಟ್ ಬೇಕಾದರೆ ವಿಳಾಸ ಕರ್ನಾಟಕದ್ದಿರಬೇಕು. ಈ ಹುಡುಗಿ ಕಾಸರಗೋಡಿನವಳು. ಮನೆಮಾತು ಕನ್ನಡ, ಓದಿದ್ದು ಕನ್ನಡ ಶಾಲೆಯಲ್ಲಿ, ಕೆಲಸ ಬೆಂಗಳೂರಿನಲ್ಲಿ. ದುಡ್ಡು ಕೊಟ್ಟು ಟಿಕೆಟ್ ಕೊಳ್ಳುವುದು ಅವಳಿಗೆ ಕಷ್ಟವೇನಲ್ಲ. ಆದರೆ ಪಕ್ಕದಲ್ಲಿ ಕೂತವರು ಕನ್ನಡದಲ್ಲೇ ಕೇಳುತ್ತಾರೆ: “ಯಾವೂರಮ್ಮ ನಿಮ್ಮದು?” ಅವಳು ಏನು ಉತ್ತರ ಕೊಡಬೇಕು? ಗಡಿನಾಡಿನ ಬಗ್ಗೆ ಹತ್ತು ಭಾಷಣ ಹೇಳಲಾಗದ್ದನ್ನು ಈ ಒಂದು ಪ್ರಶ್ನೆ ಹೇಳುತ್ತದೆ.

ಮೂರನೆಯವನು ತುಂಟ. ಅವನ ಸಾಲು: “ನಾನು ಸತ್ತು ಮೂರು ದಿನವಾಗಿತ್ತು ಎಂಬುದು ನನಗೂ ಆಮೇಲೆಯೇ ಗೊತ್ತಾಗಿದ್ದು.” ದೆವ್ವದ ಕಥೆ! ಬೇಡ ಅನ್ನಬೇಡಿ. ನಗರದಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕುವವರ ಕಥೆಯಾಗಿ ಅದು ತಿರುಗಬಹುದು.

ಕೊಟ್ಟ ಸಾಲು ಒಂದೇ. ಮೂವರು ಹಿಡಿದ ದಾರಿ ಮೂರು. ಆ ದಾರಿ ಎಲ್ಲಿಂದ ಬಂತು? ಅವರವರ ಮನೆಯಿಂದ, ಅವರವರ ಬೀದಿಯಿಂದ. ‘ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನಿದೆ?’ ಎಂದು ಕೇಳಿದಿರಲ್ಲ, ಎರಡನೇ ಸಾಲು ಬರೆಯುವಾಗ ಅದು ತಾನಾಗಿ ಎದ್ದು ಬರುತ್ತದೆ.

ಎಂಥ ಸಾಲು ಬೇಕು, ಎಂಥದ್ದು ಬೇಡ

ಎಲ್ಲ ಸಾಲುಗಳೂ ಕೆಲಸಕ್ಕೆ ಬರುವುದಿಲ್ಲ. ‘ಜೀವನವೆಂದರೆ ಹೋರಾಟ’ ಎಂದು ಕೊಟ್ಟರೆ ಮುಂದೆ ಏನು ಬರೆಯುತ್ತೀರಿ? ಅದು ಬಾಗಿಲು ಮುಚ್ಚಿದ ಸಾಲು. ‘ಸೂರ್ಯನು ಪಡುವಣ ದಿಕ್ಕಿನಲ್ಲಿ ಅಸ್ತಂಗತನಾಗುತ್ತಿದ್ದನು’ ಅನ್ನುವುದೂ ಬೇಡ. ಸೂರ್ಯ ದಿನಾ ಮುಳುಗುತ್ತಾನೆ, ಅದರಲ್ಲಿ ಸುದ್ದಿಯೇನು? ಇನ್ನು ಇಂಗ್ಲಿಷಿನಿಂದ ಎತ್ತಿ ತಂದ ಸಾಲುಗಳು: ಹಿಮ ಬೀಳುವ ರಾತ್ರಿ, ಮರದ ಮನೆ, ಉರಿಯುವ ಅಗ್ಗಿಷ್ಟಿಕೆ. ನಮ್ಮ ಹುಡುಗ ಹಿಮವನ್ನು ನೋಡಿರುವುದು ಸಿನಿಮಾದಲ್ಲಿ. ಅವನು ಬರೆಯುವ ಎರಡನೇ ಸಾಲೂ ಸಿನಿಮಾದಿಂದಲೇ ಬರುತ್ತದೆ. ಮೂರನೆಯದೂ!

ಒಳ್ಳೆಯ ಸಾಲಿಗೆ ಮೂರು ಗುಣ. ಒಂದು, ಕೈಯಲ್ಲಿ ಮುಟ್ಟಬಹುದಾದ ಒಂದು ವಸ್ತು ಇರಬೇಕು: ಟಿಕೆಟ್, ಲೋಟ, ಬೀಗ, ಚಪ್ಪಲಿ. ಎರಡು, ದಿನನಿತ್ಯದ ಲೆಕ್ಕ ಎಲ್ಲೋ ಒಂಚೂರು ತಪ್ಪಿರಬೇಕು. “ಅಮ್ಮ ಕಾಫಿ ಮಾಡಿದಳು” ಅಂದರೆ ಏನಿಲ್ಲ. “ಅಮ್ಮ ಎರಡು ಲೋಟ ಕಾಫಿ ಮಾಡಿದಳು, ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ” ಅಂದರೆ ಕಿವಿ ನೆಟ್ಟಗಾಗುತ್ತದೆ. ಮೂರು, ಅದು ಬಾಯಲ್ಲಿ ಆಡಬಹುದಾದ ಮಾತಾಗಿರಬೇಕು. ಪರೀಕ್ಷೆ ಮಾಡುವುದು ಸುಲಭ. ನಿಮ್ಮ ಅಜ್ಜಿಗೆ ಆ ಸಾಲು ಹೇಳಿ ಸುಮ್ಮನಾಗಿ. “ಆಮೇಲೆ?” ಎಂದು ಅಜ್ಜಿ ಕೇಳಿದರೆ ಆ ಸಾಲು ಗೆದ್ದಿತು.

ಸಾಲುಗಳು ಸಿಗುವುದೆಲ್ಲಿ? ಎಲ್ಲೆಲ್ಲೂ. ಮೆಜೆಸ್ಟಿಕ್ಕಿನ ಪ್ಲಾಟ್‌ಫಾರ್ಮಿನಲ್ಲಿ ಕಿವಿ ತೆರೆದು ಹತ್ತು ನಿಮಿಷ ನಿಲ್ಲಿ. ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ತಿನ್ನುವಾಗ ಪಕ್ಕದ ಟೇಬಲ್ಲಿನ ಅರ್ಧ ಮಾತು ಕೇಳಿ. ಪೂರ್ತಿ ಕೇಳಬೇಡಿ, ಅರ್ಧವೇ ಒಳ್ಳೆಯದು! ಪೇಪರಿನ ‘ಕಾಣೆಯಾಗಿದ್ದಾರೆ’ ಪ್ರಕಟಣೆ ಓದಿ. ಮನೆ ಬಿಟ್ಟಾಗ ಯಾವ ಬಣ್ಣದ ಅಂಗಿ ತೊಟ್ಟಿದ್ದರು, ಯಾವ್ಯಾವ ಭಾಷೆ ಬಲ್ಲರು ಎಂದೆಲ್ಲ ಅದರಲ್ಲಿರುತ್ತದೆ, ಯಾಕೆ ಹೋದರು ಎಂಬುದೊಂದು ಬಿಟ್ಟು. ಒಂದು ಮಾತು ಮಾತ್ರ ನೆನಪಿರಲಿ. ಬೇರೆಯವರ ನಿಜವಾದ ನೋವನ್ನು ಹೆಸರು ಸಮೇತ ಎತ್ತಿಕೊಂಡು ಬರಬೇಡಿ. ಕಿಡಿ ತನ್ನಿ ಸಾಕು, ಒಲೆ ನಿಮ್ಮದಿರಲಿ.

ಯಾವ ಕನ್ನಡದಲ್ಲಿ ಬರೆಯಬೇಕು?

ಈಗ ಮೊದಲನೇ ಭಯಕ್ಕೆ ಬರೋಣ. ‘ನನ್ನ ಕನ್ನಡ ಶುದ್ಧ ಇಲ್ಲ.’ ತಡವಾಗಿ ಬಂದ ಮಗನನ್ನು ಬಾಗಿಲಲ್ಲಿ ತಾಯಿ ಏನೆಂದು ಕೇಳುತ್ತಾಳೆ? ಬೆಂಗಳೂರಿನ ತಾಯಿ “ಎಲ್ಲೋ ಹೋಗಿದ್ದೆ ಇಷ್ಟೊತ್ತು?” ಅನ್ನುತ್ತಾಳೆ. ಮಂಡ್ಯದ ತಾಯಿ “ಎಲ್ಲಿಗ್ಲಾ ಹೋಗಿದ್ದೆ?” ಅನ್ನುತ್ತಾಳೆ. ಧಾರವಾಡದಾಕೆ “ಎಲ್ಲಿ ಹೋಗಿದ್ಯೋ ಇಷ್ಟೊತ್ತನಕಾ?” ಎಂದರೆ, ಮಂಗಳೂರಿನಾಕೆ “ಎಲ್ಲಿ ಹೋದದ್ದು ನೀನು ಇಷ್ಟು ಹೊತ್ತು?” ಎನ್ನುತ್ತಾಳೆ. ಇದರಲ್ಲಿ ಯಾವುದು ಅಶುದ್ಧ? “ಇಷ್ಟು ಸಮಯದವರೆಗೆ ನೀನು ಎಲ್ಲಿಗೆ ತೆರಳಿದ್ದೆ?” ಎಂದು ಬರೆದರೆ ವ್ಯಾಕರಣ ಸರಿ ಇರುತ್ತದೆ, ತಾಯಿ ಕಾಣೆಯಾಗುತ್ತಾಳೆ!

2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅನುವಾದಿಸಿದವರು ದೀಪಾ ಭಸ್ತಿ, ಪುಸ್ತಕ ‘ಹಾರ್ಟ್ ಲ್ಯಾಂಪ್’, ಹನ್ನೆರಡು ಕಥೆಗಳು. ಕನ್ನಡಕ್ಕೆ ಮೊದಲ ಬಾರಿಗೆ ಬಂದದ್ದು, ಸಣ್ಣಕಥೆಗಳ ಸಂಕಲನಕ್ಕೂ ಮೊದಲ ಬಾರಿಗೆ ಬಂದದ್ದು. ಆ ಕಥೆಗಳ ಹೆಂಗಸರು ಆಡುವುದು ದಖನಿ ಉರ್ದು ಬೆರೆತ ಕನ್ನಡ. ಅವರ ಮನೆಯ ಕನ್ನಡ. ಅದನ್ನು ‘ಶುದ್ಧ’ ಮಾಡಲು ಹೊರಟಿದ್ದರೆ ಆ ಮನೆಗಳೇ ಉಳಿಯುತ್ತಿರಲಿಲ್ಲ.

ನೀವು ಮಾತಾಡುವ ಕನ್ನಡದಲ್ಲಿ ‘ಸಿಗ್ನಲ್’ ಇದೆ, ‘ಡೆಲಿವರಿ’ ಇದೆ, ‘ಇಎಂಐ’ ಇದೆ. ಇರಲಿ ಬಿಡಿ, ಬರೆಯಿರಿ. ಆದರೆ ಸೋಮಾರಿತನಕ್ಕೂ ಸಹಜತೆಗೂ ವ್ಯತ್ಯಾಸವಿದೆ. ಪಾತ್ರ ಆಡುವ ಇಂಗ್ಲಿಷ್ ಪದ ಸಹಜ. ಕನ್ನಡದ ಮಾತು ನಾಲಿಗೆಯ ತುದಿಯಲ್ಲಿದ್ದೂ ಹುಡುಕದೆ ಬಿಡುವುದು ಸೋಮಾರಿತನ. ಆ ವ್ಯತ್ಯಾಸ ಬರೆಯುತ್ತಾ ಬರೆಯುತ್ತಾ ತಿಳಿಯುತ್ತದೆ, ಬರೆಯದೆ ಕೂತರೆ ಎಂದಿಗೂ ತಿಳಿಯುವುದಿಲ್ಲ.

ಹಿರಿಯರು ಎಲ್ಲಿಂದ ಹೊರಟರು?

‘ಮೊದಲ ಸಾಲು ಭಾರೀ ಇರಬೇಕು’ ಅಂದುಕೊಂಡವರು ನಮ್ಮ ಹಿರಿಯರ ಪುಸ್ತಕಗಳ ಮೊದಲ ಪುಟಗಳನ್ನಷ್ಟೇ ಓದಿ ನೋಡಿ. ಅನಂತಮೂರ್ತಿಯವರ ‘ಸಂಸ್ಕಾರ’ 1965ರದು. ಇಡೀ ಅಗ್ರಹಾರವನ್ನೇ ಅಲುಗಾಡಿಸುವ ಕಾದಂಬರಿ ಶುರುವಾಗುವುದು ರೋಗಿಷ್ಠ ಹೆಂಡತಿಗೆ ಗಂಡ ಸ್ನಾನ ಮಾಡಿಸುವ ದಿನನಿತ್ಯದ ಕೆಲಸದಿಂದ. ನಾರಣಪ್ಪ ಸತ್ತ ಸುದ್ದಿ ಬರುವುದು ಆಮೇಲೆ. ತೇಜಸ್ವಿಯವರ ‘ಕರ್ವಾಲೊ’ 1980ರದು. ಹಾರುವ ಓತಿಯ ಬೆನ್ನು ಹತ್ತಿ ಜೀವವಿಕಾಸದ ರಹಸ್ಯದವರೆಗೆ ಕರೆದೊಯ್ಯುವ ಆ ಪುಸ್ತಕ ಹೊರಡುವುದು ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳುವುದರಿಂದ. ಮಾಸ್ತಿಯವರ ‘ರಂಗನ ಮದುವೆ’ಯಲ್ಲಿ ಮದುವೆಯ ಮಾತು ಬರುವ ಮೊದಲು ನಕಾಶೆಯಲ್ಲಿಲ್ಲದ ಹೊಸಹಳ್ಳಿಯ ಗುಣಗಾನ ನಡೆಯುತ್ತದೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನ ಕಾಫಿ ಹೌಸಿನ ಟೇಬಲ್ಲಿನಲ್ಲಿ ಶುರುವಾಗುತ್ತದೆ.

ಸ್ನಾನದ ನೀರು, ಜೇನುತುಪ್ಪ, ಒಂದು ಹಳ್ಳಿ, ಒಂದು ಕಾಫಿ ಟೇಬಲ್ಲು! ಇದರಲ್ಲಿ ನಿಮ್ಮ ಕೈಗೆ ಸಿಗದಿರುವುದು ಯಾವುದು?

ಇಪ್ಪತ್ತು ನಿಮಿಷದ ನಿಯಮ

ಮಾಡುವ ಕ್ರಮ ಹೀಗೆ. ನಾಲ್ಕೈದು ಜನ ಸೇರಿ. ಒಬ್ಬೊಬ್ಬರೂ ಚೀಟಿಯಲ್ಲಿ ಒಂದೊಂದು ಮೊದಲ ಸಾಲು ಬರೆದು ಮಡಚಿ ಡಬ್ಬಿಗೆ ಹಾಕಿ. ಒಂದು ಚೀಟಿ ಎತ್ತಿ. ಅದೇ ಸಾಲಿನಿಂದ ಎಲ್ಲರೂ ಬರೆಯಬೇಕು. ಇಪ್ಪತ್ತು ನಿಮಿಷ. ಮೊಬೈಲು ಉಲ್ಟಾ ಇಡಿ. ಪೆನ್ನು ನಿಲ್ಲಿಸಬೇಡಿ, ಹೊಡೆದು ಹಾಕಬೇಡಿ, ಒತ್ತಕ್ಷರ ತಪ್ಪಿದರೂ ಹಿಂದಕ್ಕೆ ಹೋಗಬೇಡಿ. ಕೈ ನಿಂತರೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಈ ಮಾತನ್ನು ಹೇಳುತ್ತಿರುವವರು ಯಾರು? ಇದಕ್ಕೆ ಒಂದು ಗಂಟೆ ಮೊದಲು ಏನಾಗಿತ್ತು? ಇದನ್ನು ಯಾರಿಗೆ ಗೊತ್ತಾಗದಂತೆ ಮುಚ್ಚಿಡಬೇಕಾಗಿದೆ? ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಕಥೆ ಸಿಕ್ಕಂತೆ.

ಆಮೇಲೆ ಒಬ್ಬೊಬ್ಬರೂ ಗಟ್ಟಿಯಾಗಿ ಓದಿ. ಓದುವಾಗ ನಾಲಿಗೆ ತಡವರಿಸಿದ ಜಾಗವೇ ನೀವು ಸುಳ್ಳು ಕನ್ನಡ ಬರೆದ ಜಾಗ. ಅಲ್ಲೊಂದು ಗೆರೆ ಎಳೆಯಿರಿ, ಮನೆಗೆ ಹೋಗಿ ತಿದ್ದಿ. ಕೇಳುವವರು ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂದು ತೀರ್ಪು ಕೊಡುವುದು ಬೇಡ. ‘ಇಲ್ಲಿ ಕಣ್ಣಿಗೆ ಕಂಡಿತು’, ‘ಇಲ್ಲಿ ದಾರಿ ತಪ್ಪಿತು’ ಎಂದಷ್ಟೇ ಹೇಳಲಿ.

ಇನ್ನೊಂದು ಗುಟ್ಟು. ಕಥೆ ಮುಗಿದ ಮೇಲೆ ಆ ಮೊದಲ ಸಾಲನ್ನು ಮತ್ತೆ ನೋಡಿ. ಅದು ಬೇಕಾಗಿಲ್ಲ ಅನ್ನಿಸಿದರೆ ಕಿತ್ತು ಬಿಸಾಡಿ! ತಾರಸಿ ಹಾಕುವಾಗ ಸೆಂಟ್ರಿಂಗ್ ಕಟ್ಟುತ್ತಾರೆ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಬಿಚ್ಚುತ್ತಾರೆ. ಬಿಚ್ಚದೆ ಯಾರಾದರೂ ಗೃಹಪ್ರವೇಶ ಮಾಡುತ್ತಾರೆಯೇ? ಸಾಲ ತಂದದ್ದನ್ನು ಹೀಗೆ ತೀರಿಸಿಬಿಟ್ಟರೆ ಉಳಿದದ್ದೆಲ್ಲ ನಿಮ್ಮ ಸ್ವಂತ ಆಸ್ತಿ.

ಯಂತ್ರದ ಕೈಗೆ ಕೊಡಬೇಡಿ

ನೀವು ಕೇಳಬಹುದು: ‘ಸಾರ್, ಮೊದಲ ಸಾಲು ಕೊಟ್ಟರೆ ಉಳಿದದ್ದನ್ನು ಮೊಬೈಲಿನಲ್ಲಿರುವ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದಲ್ಲ?’ ಕೊಡುತ್ತದೆ. ಎರಡು ನಿಮಿಷದಲ್ಲಿ ಎರಡು ಪುಟ ಕೊಡುತ್ತದೆ. ಬೇಕಾದರೆ ಮೊದಲ ಸಾಲನ್ನು ಅದರ ಹತ್ತಿರ ಕೇಳಿ, ತಪ್ಪಿಲ್ಲ. ಆದರೆ ಎರಡನೇ ಸಾಲು ಕೊಡಬೇಡಿ. ಕಾಸರಗೋಡಿನ ಆ ಹುಡುಗಿಗೆ “ಯಾವೂರಮ್ಮ?” ಎಂದು ಕೇಳಿದಾಗ ಎದೆಯಲ್ಲಿ ಏನಾಯಿತು ಎಂಬುದು ಯಂತ್ರದ ಅನುಭವವಲ್ಲ, ನಿಮ್ಮದು. ನಿಮ್ಮ ಬದಲು ಬೇರೆಯವರು ಜಿಮ್ಮಿಗೆ ಹೋದರೆ ನಿಮ್ಮ ತೋಳು ಬಲಿಯುತ್ತದೆಯೇ?

ಬೋರ್ಡಿನ ಮೇಲೆ ಕನ್ನಡ ಇರಬೇಕು, ಸರಿ. ಆದರೆ ಬೋರ್ಡಿನ ಕೆಳಗೆ ನಿಂತವರ ಕಥೆಯೂ ಕನ್ನಡದಲ್ಲಿ ಬೇಕಲ್ಲವೇ? ಪೀಣ್ಯದ ರಾತ್ರಿ ಪಾಳಿ, ಪಿಜಿಯ ಸಾರು, ಮೆಟ್ರೋದ ನೂಕುನುಗ್ಗಲು, ಅಡ್ವಾನ್ಸ್ ವಾಪಸ್ ಕೊಡದ ಮನೆ ಮಾಲೀಕ, ಇವನ್ನೆಲ್ಲ ಬದುಕುತ್ತಿರುವವರು ನೀವು. ನೀವು ಬರೆಯದಿದ್ದರೆ ಈ ಕಾಲದ ನಗರ ಕನ್ನಡದ ಪುಸ್ತಕಗಳಲ್ಲಿ ಇರುವುದೇ ಇಲ್ಲ. ನಾಳೆ ಹುಟ್ಟುವ ಮಕ್ಕಳು ತಮ್ಮ ಊರನ್ನು ಬೇರೆ ಭಾಷೆಯಲ್ಲಿ ಹುಡುಕಬೇಕಾಗುತ್ತದೆ. ನಷ್ಟ ಯಾರಿಗೆ?

ಆದ್ದರಿಂದ ಬರಿಗೈಯಲ್ಲಿ ಕಳಿಸುವುದಿಲ್ಲ. ಐದು ಸಾಲು ಕೊಡುತ್ತೇನೆ, ಹಂಚಿಕೊಳ್ಳಿ:

“ಅಜ್ಜಿ ತೀರಿಕೊಂಡ ಹನ್ನೊಂದನೇ ದಿನ ಅವಳ ಮೊಬೈಲಿಗೆ ಒಂದು ಕರೆ ಬಂತು.”

“ನಮ್ಮ ಬೀದಿಯ ಹೆಸರು ಬದಲಾಗಿದೆ ಎಂದು ಪೋಸ್ಟ್‌ಮ್ಯಾನ್ ಹೇಳಿದಾಗಲೇ ನಮಗೆ ಗೊತ್ತಾಗಿದ್ದು.”

“ಆರ್ಡರ್ ಕೊಟ್ಟ ಮನೆಯ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವರು ನನ್ನ ಹೈಸ್ಕೂಲಿನ ಕನ್ನಡ ಮೇಷ್ಟ್ರು.”

“ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಸಿಕ್ಕ ಟ್ರಂಕಿನ ಬೀಗದ ಕೈ ಯಾರ ಹತ್ತಿರವೂ ಇರಲಿಲ್ಲ.”

“ಅಪ್ಪ ಮೊದಲ ಸಲ ನನ್ನ ಹತ್ತಿರ ಸಾಲ ಕೇಳಿದ್ದು ನನ್ನ ಮೊದಲ ಸಂಬಳದ ದಿನ.”

ಇವು ನನ್ನವಲ್ಲ ಅಂದುಕೊಳ್ಳಿ, ನಿಮ್ಮವೂ ಅಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಒಂದನ್ನು ಎತ್ತಿಕೊಂಡು ಇಪ್ಪತ್ತು ನಿಮಿಷ ಕೂತುಕೊಳ್ಳಿ. ಮೊದಲ ಸಾಲಿನ ಭಾರ ನನ್ನ ಮೇಲಿರಲಿ. ಎರಡನೇ ಸಾಲನ್ನು ಓದಲು ನಾವೆಲ್ಲ ಕಾಯುತ್ತಿರುತ್ತೇವೆ.